ಎಡಗಡೆಯ ಪೈಪು ಹಿಡಿದ ಕೈ

ಬೋಲ್ಟು ಸ್ಪ್ಯಾನರಿಗೆ ಕಾಯಲಿಲ್ಲ. ಡೆಲ್ಫೀನಾಳ ಎರಡು ಬೆರಳಿಗೇ ತಿರುಗಿಬಿಟ್ಟಿತು.

ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದವಳು ಚಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮತ್ತೆ ಮುಟ್ಟಿ ನೋಡಿದಳು. ಮನೆ ಬಿಡುವಾಗ ಒಲೆ ಆರಿಸಿದ್ದೇನೆಯೇ ಎಂದು ಗೇಟಿನಿಂದ ವಾಪಸು ಹೋಗಿ ನೋಡುವ ಸ್ವಭಾವ ಅವಳದು. ಒಂದು ಬೋಲ್ಟನ್ನು ಒಂದೇ ಸಲ ಮುಟ್ಟಿ ನಂಬುವುದು ಅವಳಿಂದ ಆಗದ ಮಾತು.

ಇಂಜಿನ್ನಿನ ಹೊಗೆ ಹೊರಬೀಳುವ ಕವಲುಗಳೆಲ್ಲ ಕೆಳಗಿಳಿದು ಒಂದಾಗಿ, ಎಡಗಡೆಯ ಉದ್ದ ಪೈಪಿಗೆ ಸೇರುವ ಜಾಗ ಅದು. ಅಲ್ಲಿ ಮೂರು ಬೋಲ್ಟುಗಳಿದ್ದವು. ಮೂರೂ ಸಡಿಲ.

ಅವಳು ಚಕ್ರದ ಹಲಗೆಯ ಮೇಲೆ ಜಾರಿಕೊಂಡು ಬಲಗಡೆಗೆ ಹೋದಳು. ಅಲ್ಲಿಯ ಬೋಲ್ಟುಗಳನ್ನು ಅಲುಗಿಸಲು ನೋಡಿ ಬೆರಳು ನೋಯಿಸಿಕೊಂಡಳು. ಕಲ್ಲಿನಂತೆ ಬಿಗಿಯಾಗಿದ್ದವು.

ಒಂದೇ ಕಾರು. ಕಟ್ಟಿದವನೂ ಒಬ್ಬನೇ. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ ಯಾಕೆ?

ಗುರುವಾರ ಬೆಳಿಗ್ಗೆ ಗ್ಲೆನ್ ಟ್ಯಾಕೆಟ್ ಇದೇ ಕಾರಿನ ಸೀಟಿನಲ್ಲಿ ಹೆಣವಾಗಿ ಸಿಕ್ಕಿದ್ದ. ಗ್ಯಾರೇಜಿನ ಬಾಗಿಲು ಮುಚ್ಚಿತ್ತು, ಕೀಲಿ ತಿರುಗಿತ್ತು, ಪೆಟ್ರೋಲು ಉರಿದು ಬರಿದಾಗಿತ್ತು, ರಕ್ತದಲ್ಲಿ ಕಾರಿನ ಹೊಗೆಯಲ್ಲಿರುವ ವಿಷದ ಗ್ಯಾಸ್, ಕಾರ್ಬನ್ ಮಾನಾಕ್ಸೈಡ್, ಇತ್ತು. ಸೋಮವಾರ ಮಣ್ಣು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬ ಒಂದು ಪದವನ್ನು ಕೌಂಟಿಯ ಶವತನಿಖೆ ಕಚೇರಿಯ ಡೆಲ್ಫೀನಾ ಯಬಾರಾ ಈ ಸಂಜೆಯೊಳಗೆ ಬರೆದು ಕೊಡಬೇಕಾಗಿತ್ತು.

ಆ ಒಂದು ಪದಕ್ಕಾಗಿ ಅಡುಗೆಮನೆಯಲ್ಲಿ ಗ್ಲೆನ್‌ನ ಹೆಂಡತಿ ಅರ್ಲೀನ್ ಎರಡು ದಿನದಿಂದ ಅನ್ನನೀರು ಬಿಟ್ಟು ಕೂತಿದ್ದಳು.

ಚರ್ಚಿನ ಹೆಂಗಸರು ತಂದಿಟ್ಟ ತಟ್ಟೆಗಳು, ಬೆಳ್ಳಿ ಕಾಗದ ಹೊದ್ದುಕೊಂಡು, ಅಡುಗೆಮನೆಯ ಕಟ್ಟೆಯ ತುಂಬ ಹಾಗೆಯೇ ಇದ್ದವು. ಬೆಳಿಗ್ಗೆ ಡೆಲ್ಫೀನಾ ಒಳಗೆ ಬಂದಾಗ ಅರ್ಲೀನ್ ಕೇಳಿದ್ದು ಒಂದೇ ಪ್ರಶ್ನೆ.

“ಅವನು ಬೇಕು ಅಂತಲೇ ಮಾಡಿಕೊಂಡನಾ, ಅಷ್ಟು ಹೇಳು ಸಾಕು. ಬುಧವಾರ ನಾನೇ ಅಂದಿದ್ದೆ. ಆ ಕಾರಲ್ಲೇ ಬಿದ್ದು ಸಾಯಿ ಅಂತ.”

ಜಗಳ ಶುರುವಾಗಿದ್ದು ಶನಿವಾರಕ್ಕಾಗಿ. ಶನಿವಾರ ಚರ್ಚಿನಲ್ಲಿ ಮೊಮ್ಮಗಳ ಜ್ಞಾನಸ್ನಾನ. ಅದೇ ಶನಿವಾರ ಗ್ಲೆನ್‌ನ ಕಾರಿನ ‘ಮೊದಲ ಉರಿ’. ಈ ಮರುಭೂಮಿಯ ಅಂಚಿನ ಊರಿನಲ್ಲಿ ಹಳೆಯ ಕಾರು ಕಟ್ಟುವವರದು ಒಂದು ಕ್ಲಬ್ಬಿದೆ. ಅಜ್ಜನ ಕಾಲದ ಕಾರಿನ ಮೈ, ಅಪ್ಪನ ಕಾಲದ ದೊಡ್ಡ ಇಂಜಿನ್, ಅದರ ಮೇಲೆ ಬಾನೆಟ್ಟೂ ಇಲ್ಲ. ಇಂಥದ್ದಕ್ಕೆ ಹಾಟ್ ರಾಡ್ ಎನ್ನುತ್ತಾರೆ. ವರ್ಷಗಟ್ಟಲೆ ಮನೆಯ ಗ್ಯಾರೇಜಿನಲ್ಲೇ ಕಟ್ಟಿ, ಕೊನೆಗೆ ಊರಾಚೆಯ ಒಣಕೆರೆಯ ಮೇಲೆ ಓಡಿಸುತ್ತಾರೆ. ಕಟ್ಟಿ ಮುಗಿದ ಇಂಜಿನ್ನನ್ನು ಒಬ್ಬನೇ ಮೊದಲ ಸಲ ಹೊತ್ತಿಸುವಂತಿಲ್ಲ. ಕ್ಲಬ್ಬಿನವರು ಮಡಿಸುವ ಕುರ್ಚಿ, ಡೋನಟ್ಟಿನ ಡಬ್ಬಿ ಹಿಡಿದುಕೊಂಡು ಬರಬೇಕು. ಕಾರಿಗೆ ಒಂದು ನಟ್ಟು ಹಾಕಿದವನೂ ಅಲ್ಲಿರಬೇಕು. ಮದುವೆಗೆ ಮುಂಚೆ ಹೆಣ್ಣಿನ ಮುಖ ನೋಡಿದ ಹಾಗೆ, ಒಬ್ಬನೇ ಹೊತ್ತಿಸಿಕೊಂಡವನಿಗೆ ಸಾಯುವ ತನಕ ಗೇಲಿ ತಪ್ಪುವುದಿಲ್ಲ.

ಇವತ್ತೇ ಆ ಶನಿವಾರ. ಜ್ಞಾನಸ್ನಾನವೂ ಆಗಲಿಲ್ಲ, ಮೊದಲ ಉರಿಯೂ ಆಗಲಿಲ್ಲ.

ಡೆಲ್ಫೀನಾ ಕಣ್ಣು ಮುಚ್ಚಿ ಸುಮ್ಮನೆ ಮಲಗಿದಳು. ತಲೆಯೊಳಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು.

ಸಾಯಲೆಂದೇ ಹೊತ್ತಿಸಿದ್ದರೆ, ಎರಡೂ ಪೈಪಿನ ಬಾಲಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ಹೊಗೆಯನ್ನು ಗೋಡೆಯ ಆಚೆಗೆ ಬಿಟ್ಟಿದ್ದೇಕೆ? ಬದುಕುವ ಮನಸ್ಸಿದ್ದರೆ, ಶನಿವಾರಕ್ಕೆ ಊರನ್ನೇ ಕರೆದಿದ್ದವನು ಬುಧವಾರ ಒಬ್ಬನೇ ಹೊತ್ತಿಸಿದ್ದೇಕೆ? ಶಾಲಾ ಬಸ್ಸುಗಳ ಮೆಕ್ಯಾನಿಕ್ಕಾಗಿ ಕೂದಲು ನರೆತವನು ಬೋಲ್ಟು ಬಿಗಿ ಮಾಡದೆ ಕೀಲಿ ತಿರುಗಿಸಿದ್ದೇಕೆ?

ಮೂರು ಪ್ರಶ್ನೆಗಳು ಒಂದರ ಕಾಲನ್ನೊಂದು ಎಳೆಯುತ್ತಿದ್ದವು. ಇದು ಸಾಲದೆಂಬಂತೆ ಎಡಗಡೆಯ ಪೈಪಿನ ಹೊಟ್ಟೆಯ ಮೇಲೆ ಒಂದು ಗುರುತು.

“ಏನ್ ತಾಯಿ, ಕಾರಿನ ಅಡೀಲೇ ಸಂಸಾರ ಹೂಡಿದೀಯಾ?”

ಟಾರ್ಚಿನ ಬೆಳಕಿಗೆ ಬಾಗಿಲ ಬಳಿ ಎರಡು ಬೂಟುಗಳು ಕಂಡವು. ಮುಂಗಾಲಿನ ಮೇಲೆ ವೆಲ್ಡಿಂಗ್ ಕಿಡಿ ಬಿದ್ದು ತೂತಾದ ಬೂಟುಗಳು. ಹಾರ್ಲನ್ ಮೂಡಿ. ಗ್ಲೆನ್‌ನ ಜೀವದ ಗೆಳೆಯ, ಊರಿಗೆಲ್ಲ ಸೈಲೆನ್ಸರ್ ಕಟ್ಟಿಕೊಡುವವನು. ಶಾಲೆಯಲ್ಲಿ ಡೆಲ್ಫೀನಾಳ ಹಿಂದಿನ ಬೆಂಚಿನಲ್ಲಿ ಕೂತು ಅವಳ ಜಡೆಗೆ ಕಾಗದದ ಬಾಣ ಸಿಕ್ಕಿಸುತ್ತಿದ್ದವನೂ ಇವನೇ.

ಅವಳು ಹೊರಗೆ ಬಂದು, ಬೆನ್ನಿನ ಧೂಳು ಕೊಡವಿಕೊಂಡು ಕಾರಿನ ಮೂತಿಯ ಮುಂದೆ ನಿಂತಳು.

“ಈ ಪೈಪುಗಳನ್ನ ಬೆಸೆದಿದ್ದು ನೀನೇ ಅಲ್ವಾ?”

“ನಾನಲ್ದೆ ಇನ್ಯಾರು? ಗ್ಲೆನ್ ವೆಲ್ಡಿಂಗ್ ಮಾಡಿದ್ರೆ ಕೋಳಿ ಹಿಕ್ಕೆ ಹಾಕ್ದಂಗೆ ಇರ್ತಿತ್ತು. ಸತ್ತೋನ ಬಗ್ಗೆ ಹಂಗನ್ಬಾರ್ದು, ಆದ್ರೆ ನಿಜ.” ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಕಾರಿನ ಮೇಲೇ ಇಟ್ಟು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದ್ವಿ. ಸ್ಟೀರಿಂಗಿಗೆ ತಾಗುತ್ತಾ, ಬ್ರೇಕ್ ಪೈಪಿಗೆ ಬಿಸಿ ಹೊಡೆಯುತ್ತಾ ಅಂತ ನೋಡಿ, ಬಿಚ್ಚಿ, ಮೇಜಿನ ಮೇಲೆ ಪೂರ್ತಿ ಬೆಸೆದೆ. ಆಮೇಲೆ ಹೊಳಪಿನ ಕ್ರೋಮ್ ಲೇಪಕ್ಕೆ ಹೋಯ್ತು. ಮಂಗಳವಾರ ವಾಪಸ್ ಬಂತು. ತಂದು ಈ ಬೆಂಚಿನ ಮೇಲಿಟ್ಟು ಹೋದೆ.”

“ಜೋಡಿಸಿದ್ದು?”

“ಗ್ಲೆನ್ನು.”

“ನೀನು ಮಂಗಳವಾರ ಆದ್ಮೇಲೆ ಈ ಕಡೆ ಬರಲೇ ಇಲ್ಲ?”

“ಗುರುವಾರ ಹೆಣ ತೆಗಿಯೋವಾಗ ಬಂದೆ. ಅದನ್ನೂ ಹಾಜರಿಗೆ ಹಿಡೀತೀಯಾ?”

ಅವನ ಮಾತಿನಲ್ಲಿ ನಗುವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಅಳು ನುಂಗುವವರ ಕಣ್ಣೂ ಹೀಗೆಯೇ ಇರುತ್ತದೆ ಎಂದು ಡೆಲ್ಫೀನಾ ತನಗೆ ತಾನೇ ಹೇಳಿಕೊಂಡಳು. ಯಾರ ಮುಖವನ್ನೂ ಒಂದೇ ಓದಿಗೆ ಅರ್ಥ ಮಾಡಿಕೊಳ್ಳಬಾರದು.

ಹಾರ್ಲನ್ ಕಾರಿನ ತಗ್ಗು ಬಾಗಿಲಿನ ಮೇಲೆ ಕೈಯಿಟ್ಟು ಖಾಲಿ ಸೀಟನ್ನು ನೋಡಿದ.

“ಇನ್ನೂ ಕಾರ್ಪೆಟ್ಟೂ ಹಾಕಿರ್ಲಿಲ್ಲ, ಊಟ ಆದ್ಮೇಲೆ ಇಲ್ಲೇ ಬಂದು ಒರಗೋನು. ಗೊರಕೆ ಶುರುವಾದ್ರೆ ಪಕ್ಕದ ಮನೆ ನಾಯಿ ಎದ್ದು ಜಾಗ ಬದಲಾಯಿಸ್ತಿತ್ತು. ಕಾರಿಗೆ ಎರಡು ಸೈಲೆನ್ಸರ್ ಯಾಕಪ್ಪಾ, ಒಂದು ಕಾರಿಗೆ ಸಾಕು, ಇನ್ನೊಂದು ನಿನ್ನ ಮೂಗಿಗೆ ಹಾಕ್ತೀನಿ ಅಂತಿದ್ದೆ. ಅರ್ಲೀನ್ ಬಿದ್ದು ಬಿದ್ದು ನಗೋಳು.”

ಡೆಲ್ಫೀನಾಳಿಗೂ ನಗು ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.

“ಹಾರ್ಲನ್, ಎಡಗಡೆಯ ಬೋಲ್ಟುಗಳು ಸಡಿಲ ಇವೆ. ಬಲಗಡೆಯವು ಬಿಗಿ.”

ಅವನು ಹುಬ್ಬು ಗಂಟಿಕ್ಕಿದ.

“ಅದ್ಹೆಂಗೆ? ಎಲ್ಲಾ ಬೋಲ್ಟನ್ನೂ ಮೊದಲು ಬೆರಳಲ್ಲೇ ಏರಿಸಿ ಬಿಡ್ತೀವಿ. ಪೂರಾ ಪೈಪು ತೂಗು ಹಾಕಿ, ಎಲ್ಲೂ ತಾಗ್ತಿಲ್ಲ ಅಂತ ಆದ್ಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದೇ ಬಿಗಿ ಮಾಡ್ಕೊಂಡು ಹೋಗ್ತೀವಿ. ಮೊದಲೇ ಬಿಗಿ ಮಾಡಿದ್ರೆ ಬಾಲ ಸೊಟ್ಟ ಬರುತ್ತೆ.”

“ಅಂದ್ರೆ ಎಡಗಡೆ ಕೆಲಸ ಅರ್ಧಕ್ಕೇ ನಿಂತಿತ್ತು.”

“ಹಂಗೇ ಕಾಣುತ್ತೆ.”

“ಅರ್ಧ ಕೆಲಸದಲ್ಲಿ ಗ್ಲೆನ್ ಇಂಜಿನ್ ಹೊತ್ತಿಸ್ತಿದ್ರಾ?”

ಹಾರ್ಲನ್ ಬಾಗಿಲ ಕಡೆ ತಿರುಗಿದ. ಹೊರಗೆ ಮಾರ್ಚಿನ ಗಾಳಿ ಮರಳನ್ನು ಬಾಗಿಲಿಗೆ ಎರಚುತ್ತಿತ್ತು.

“ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದ ಗಂಡಸು ಏನ್ ಬೇಕಾದ್ರೂ ಮರೀತಾನೆ. ನೋಡು ತಾಯಿ, ನಾನು ಹೇಳ್ತೀನಿ, ಕೇಳು. ಸಿಟ್ಟಲ್ಲಿ ಬಂದ, ಪೈಪು ಏರಿಸ್ದ, ಸದ್ದು ಹೆಂಗಿದೆ ಕೇಳೋಣ ಅನ್ನಿಸ್ತು, ಕೀಲಿ ತಿರುಗಿಸ್ದ. ಗಾಳಿ ಹೊಡೀತಿತ್ತು, ಬಾಗಿಲು ಹಾಕ್ದ. ಹೊಗೆ ಕೊಳವೇಲಿ ಹೊರಗೆ ಹೋಗ್ತಿದೆ ಅನ್ಕೊಂಡು ಕಣ್ಮುಚ್ಚಿದ. ಸಡಿಲ ಬೋಲ್ಟಿನ ಸಂದಿಯಿಂದ ಗ್ಯಾಸ್ ಒಳಗೇ ತುಂಬ್ತು. ಆಕಸ್ಮಿಕ ಅಂತ ಬರೆದ್ಬಿಡು. ಅರ್ಲೀನಿಗೂ ಒಂದು ತುತ್ತು ಅನ್ನ ಇಳಿಯುತ್ತೆ.”

ಹೇಳಿದ್ದು ನ್ಯಾಯವಾಗಿತ್ತು. ಬೆಳಗಿನಿಂದ ಅವಳು ಹುಡುಕುತ್ತಿದ್ದ ಪದ ಅದೇ ಆಗಿತ್ತು. ಬೋಲ್ಟಿಗೂ ಹೊಂದುತ್ತಿತ್ತು, ಕೊಳವೆಗೂ ಹೊಂದುತ್ತಿತ್ತು. ಬರೆದು ಸಹಿ ಹಾಕಿದರೆ ಯಾರೂ ಬೇಡವೆನ್ನುವಂತಿರಲಿಲ್ಲ.

ಆದರೂ ಅದು ಗಂಟಲಲ್ಲಿ ಸಿಕ್ಕ ಬಿಸಿ ತುಪ್ಪದಂತೆ, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿತು.

“ಪೈಪಿನ ಮೇಲೆ ಒಂದು ಗುರುತಿದೆ, ಹಾರ್ಲನ್. ಅದೇನು ಅಂತ ಹೇಳು.”

ಹಾರ್ಲನ್ ಅವಳ ಕೈಯಿಂದ ಟಾರ್ಚ್ ತೆಗೆದುಕೊಂಡ. ನೇರ ಎಡಗಡೆಗೆ ಹೋಗಿ, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಪೈಪಿನ ತಳಕ್ಕೆ ಬೆಳಕು ಬಿಟ್ಟ.

ಇಂಜಿನ್ನಿನಿಂದ ಒಂದು ಮೊಳ ಈಚೆಗೆ, ಬಿಸಿಗೆ ಹೊಂಬಣ್ಣ ತಿರುಗಿದ ಕ್ರೋಮಿನ ಮೇಲೆ, ಕಂದು ಬಣ್ಣದಲ್ಲಿ ಒಂದು ಅಂಗೈ ಮೂಡಿತ್ತು. ಐದು ಬೆರಳು. ತೋರುಬೆರಳಿನ ತುದಿ ಮಾತ್ರ ಪಕ್ಕಕ್ಕೆ ವಾಲಿತ್ತು. ಕೆಳಗಿನಿಂದ ಪೈಪನ್ನು ಎತ್ತಿ ಹಿಡಿದ ಬಲಗೈ ಅದು.

ಹಾರ್ಲನ್ ಹೆಬ್ಬೆರಳಿನಿಂದ ಗುರುತನ್ನು ಉಜ್ಜಿ ನೋಡಿದ.

“ಇದು ಹೋಗಲ್ಲ,” ಎಂದ. ದನಿ ತಗ್ಗಿತ್ತು. “ಕೈ ಜಿಡ್ಡು. ಹೊಸ ಕ್ರೋಮ್ ಮೊದಲನೇ ಸಲ ಬಿಸಿಯಾದಾಗ ಜಿಡ್ಡು ಅದರ ಮೇಲೇ ಸುಟ್ಟು ಕೂತ್ಬಿಡುತ್ತೆ. ಆಮೇಲೆ ದೇವರು ಬಂದು ಉಜ್ಜಿದ್ರೂ ಹೋಗಲ್ಲ. ಅದಕ್ಕೇ ಬಿಳೀ ಗ್ಲೌಸ್ ಹಾಕ್ಕೊಂಡು ಜೋಡಿಸೋದು. ಹೊತ್ಸೋಕ್ಕೆ ಮುಂಚೆ ಸ್ಪಿರಿಟ್ ಬಟ್ಟೇಲಿ ತಲೆಯಿಂದ ಬಾಲದ ತನಕ ಒರೆಸ್ತೀವಿ. ನಮ್ಮಲ್ಲಿ ಯಾರನ್ನ ಬೇಕಾದ್ರೂ ಕೇಳು, ನಿದ್ದೇಲಿ ಎಬ್ಬಿಸಿದ್ರೂ ಒರೆಸ್ತಾರೆ.”

“ಒರೆಸಿದಾರೆ. ಮೇಲ್ಗಡೆ ಎಲ್ಲಾ ಕನ್ನಡಿ ಹಾಗಿದೆ. ತಳ ಮಾತ್ರ ಬಿಟ್ಟಿದಾರೆ.”

“ಗ್ಲೆನ್ನಿಗೆ ಮಂಡಿ ನೋವು. ಬಗ್ಗಿರಲ್ಲ.”

“ಅಂದ್ರೆ ಇದು ಗ್ಲೆನ್ ಕೈಯಾ?”

ಬಾಯಿಂದ ಪ್ರಶ್ನೆ ಬೀಳುವಾಗಲೇ ಉತ್ತರ ಇಬ್ಬರಿಗೂ ಗೊತ್ತಿತ್ತು. ಗ್ಲೆನ್‌ನ ಕೈ ಗುದ್ದಲಿಯಷ್ಟು ಅಗಲ. ಶವದ ಬೆರಳುಗಳನ್ನು ಒಂದೊಂದಾಗಿ ನೋಡಿದವಳು ಡೆಲ್ಫೀನಾ.

ಹಾರ್ಲನ್ ತನ್ನ ಬಲಗೈಯನ್ನು ಗುರುತಿನ ಕೆಳಗೆ ಹಿಡಿದ. ಅವನ ಬೆರಳುಗಳು ಗುರುತನ್ನು ದಾಟಿ ಒಂದು ಗೆಣ್ಣು ಆಚೆಗೆ ಚಾಚಿದವು.

“ನಂದೂ ಅಲ್ಲ. ನೋಡ್ಕೊ.”

ಡೆಲ್ಫೀನಾ ಬಗ್ಗಿ ತನ್ನ ಕೈ ಹಿಡಿದಳು. ಉದ್ದ ಅಗಲ ಹೆಚ್ಚುಕಡಿಮೆ ಸರಿಹೋಯಿತು.

“ನಿನ್ನ ಕೈಗೇ ಕೂತ್ಕೊಳ್ತಲ್ಲ,” ಎಂದ ಹಾರ್ಲನ್. “ಬುಧವಾರ ಸಂಜೆ ಎಲ್ಲಿದ್ದೆ ತಾಯಿ?”

ಅವಳು ನಗಲಿಲ್ಲ. ಬುಧವಾರ ಸಂಜೆ ತಾನು ಎಲ್ಲಿದ್ದೆನೆಂದು ಒಂದು ಕ್ಷಣ ನಿಜವಾಗಿಯೂ ನೆನಪಿಸಿಕೊಂಡಳು. ಇದು ಅವಳ ಹಳೆಯ ರೋಗ.

“ಪೈಪು ಏರಿಸೋಕೆ ಎಷ್ಟು ಜನ ಬೇಕು?”

“ಏನು?”

“ಒಬ್ಬರೇ ಏರಿಸಬಹುದಾ ಅಂತ.”

“ಕಷ್ಟ.” ಹಾರ್ಲನ್ ಎದ್ದು ಮಂಡಿ ಕೊಡವಿಕೊಂಡ. “ಒಬ್ಬ ಕೆಳಗಿಂದ ಎತ್ತಿ ಹಿಡೀಬೇಕು, ಇನ್ನೊಬ್ಬ ಬೋಲ್ಟ್ ಏರಿಸ್ಬೇಕು. ಜಾಕ್ ಕೊಟ್ಟು, ಹಗ್ಗ ಕಟ್ಟಿ ಹೆಂಗೋ ಒಬ್ಬನೇ ಮಾಡೋರೂ ಇದಾರೆ.”

“ಆ ಪೈಪು ಇಲ್ದೆ ಇಂಜಿನ್ ಓಡಿಸಿದ್ರೆ?”

“ಓಡುತ್ತೆ. ಒಣಕೆರೆ ಮೇಲೆ ಹಂಗೇ ಓಡಿಸ್ತೀವಿ. ಆದ್ರೆ ಮನೇಲಿ ಓಡಿಸಿದ್ರೆ ಗುಡುಗು ಬಿದ್ದಂಗೆ. ಗಾಳಿ ಎಷ್ಟೇ ಇರ್ಲಿ, ಮೂರು ಬೀದಿ ಎದ್ದು ಬರ್ತಿತ್ತು.”

ಬುಧವಾರ ಯಾವ ಬೀದಿಯೂ ಎದ್ದು ಬಂದಿರಲಿಲ್ಲ. ಪಕ್ಕದ ಮನೆಯವನಿಗೆ ಗಾಳಿಯ ಸದ್ದಲ್ಲದೆ ಬೇರೇನೂ ಕೇಳಿರಲಿಲ್ಲ. ಅರ್ಲೀನ್ ಮಲಗುವಾಗ ಕಿವಿಯ ಯಂತ್ರ ತೆಗೆದಿಟ್ಟಿದ್ದಳು.

ಹಾರ್ಲನ್ ಗ್ಯಾರೇಜನ್ನು ಒಮ್ಮೆ ಸುತ್ತ ನೋಡಿದ.

“ನಿನ್ನ ಪ್ರಶ್ನೆ ಮುಗಿದಿದ್ರೆ ನನ್ನ ಸಾಮಾನು ತಗೊಂಡು ಹೋಗ್ತೀನಿ. ವೆಲ್ಡಿಂಗ್ ಸೆಟ್ಟು, ಆ ಗ್ಯಾಸ್ ಹೀಟರು. ಚಳಿಗಾಲಕ್ಕೆ ಅಂತ ಕೊಟ್ಟಿದ್ದೆ. ನಿಮ್ಮ ಪೊಲೀಸಿನೋರು ಫೋಟೋ ಎಲ್ಲಾ ಹೊಡ್ಕೊಂಡಾಯ್ತಲ್ಲ.”

ಡೆಲ್ಫೀನಾಳ ಕಣ್ಣು ಆ ಅಂಗೈಯ ಮೇಲೇ ಇತ್ತು. ಎರಡನೆಯವರು ಯಾರು? ಚಿಕ್ಕ ಕೈ. ಬರಿಗೈ. ಈ ಕಸುಬಿನವರಲ್ಲ.

“ಹ್ಞೂಂ, ತಗೊಂಡು ಹೋಗು,” ಎಂದಳು.

ಹಾರ್ಲನ್ ಸಿಲಿಂಡರನ್ನು ಹೊರಳಿಸುತ್ತ, ಶಿಳ್ಳೆ ಹಾಕುತ್ತ ಹೊರಗಿನ ಟ್ರಕ್ಕಿಗೂ ಒಳಗಿಗೂ ಓಡಾಡತೊಡಗಿದ. ಅವಳು ಮೂಲೆಯ ಹಾಲಿನ ಕ್ರೇಟನ್ನು ಬೋರಲು ಹಾಕಿ ಕುಳಿತಳು. ಆಗ ಹೊಳೆಯಿತು. ಪೈಪಿನ ಮೇಲೆ ಗುರುತಿದೆ ಎಂದಿದ್ದಳಷ್ಟೆ. ಇರುವುದು ಎರಡು ಪೈಪು. ಯಾವುದೆಂದು ಅವಳು ಹೇಳಿರಲಿಲ್ಲ, ತಳದಲ್ಲಿ ಎಂದೂ ಹೇಳಿರಲಿಲ್ಲ.

ಹೇಳಿರಲಿಲ್ಲವೇ? ಎಡಗಡೆಯ ಬೋಲ್ಟಿನ ಮಾತು ಅದಕ್ಕೆ ಮುಂಚೆಯೇ ಬಂದಿತ್ತು. ಆ ಗುಂಗಿನಲ್ಲಿ ಅವನು ಎಡಕ್ಕೆ ಹೋಗಿರಬಹುದು. ಪೈಪು ಕಟ್ಟುವವನ ಕಣ್ಣು ತಳಕ್ಕೆ ಹೋಗುವುದೂ ಸಹಜ. ತನ್ನ ಅನುಮಾನಕ್ಕೆ ತಾನೇ ವಕೀಲಿ ಮಾಡುತ್ತ, ಎರಡೂ ಕಡೆ ಗೆಲ್ಲುತ್ತ ಅವಳು ಹಣೆ ಒತ್ತಿಕೊಂಡಳು.

ಅಡುಗೆಮನೆಯ ಕಡೆಯ ಬಾಗಿಲು ಕಿರ್ರೆಂದಿತು. ಅರ್ಲೀನ್ ಎರಡು ಕಪ್ಪು ಕಾಫಿ ಹಿಡಿದು ಹೊಸ್ತಿಲಿನ ಆಚೆಗೇ ನಿಂತಿದ್ದಳು.

“ಆರಿಹೋಗುತ್ತೆ, ತಗೋ.”

“ಒಳಗೆ ಬನ್ನಿ, ಅರ್ಲೀನ್.”

“ಬೇಡ ಕಣಮ್ಮ. ಹನ್ನೊಂದು ವರ್ಷ ಈ ಹೊಸ್ತಿಲು ದಾಟಿದವಳಲ್ಲ ನಾನು. ಇದು ನನ್ನ ಸವತಿ ಮನೆ.”

ಕಪ್ಪು ಇಸಿದುಕೊಳ್ಳುವಾಗ ಡೆಲ್ಫೀನಾ ಅವಳ ಬಲಗೈ ನೋಡಿದಳು. ಸಂಧಿವಾತಕ್ಕೆ ತೋರುಬೆರಳಿನ ತುದಿ ಪಕ್ಕಕ್ಕೆ ವಾಲಿತ್ತು.

ಕಾಫಿ ಬಿಸಿಯಿತ್ತು. ಡೆಲ್ಫೀನಾ ಕುಡಿಯಲಿಲ್ಲ. ಗುರುವಾರ ಬೆಳಿಗ್ಗೆ ಗಂಡನನ್ನು ಕಂಡಾಗ ಗಾಬರಿಯಲ್ಲಿ ಪೈಪು ಮುಟ್ಟಿರಬಹುದೇ? ಇಲ್ಲ. ಆ ಹೊತ್ತಿಗೆ ಪೆಟ್ರೋಲು ಮುಗಿದು ಇಂಜಿನ್ ಆರಿತ್ತು. ಆರಿದ ಪೈಪಿನ ಮೇಲೆ ಜಿಡ್ಡು ಸುಡುವುದಿಲ್ಲ. ಆ ಕೈ ಅಲ್ಲಿ ಬಿದ್ದದ್ದು ಮೊದಲ ಬಿಸಿಗೆ ಮುಂಚೆ.

ಮಾತನ್ನು ಹೇಗೆ ತೆಗೆಯಬೇಕೆಂದು ಅವಳು ಯೋಚಿಸಿದಳು. ತಪ್ಪು ಪದ ಬಿದ್ದರೆ ಈ ಹೆಂಗಸು ಇನ್ನು ಬಾಯಿ ಬಿಡಲಾರಳು.

“ಅರ್ಲೀನ್, ಅವರು ತಾವಾಗಿ ಸಾಯಲಿಲ್ಲ. ಸಾಯೋರು ಕೊಳವೆ ಹಾಕಿ ಹೊಗೆಯನ್ನ ಹೊರಗೆ ಬಿಡಲ್ಲ. ಅಷ್ಟು ನಾನು ಹೇಳಬಲ್ಲೆ.”

ಅರ್ಲೀನ್ ಬಾಗಿಲ ಚೌಕಟ್ಟಿಗೆ ಒರಗಿದಳು. ಅಳಲಿಲ್ಲ. ತುಂಬ ದೂರ ಹೊತ್ತ ಮೂಟೆಯನ್ನು ಇಳಿಸಿದವರ ಹಾಗೆ ಹೆಗಲು ಕೆಳಗಿಳಿಯಿತು.

“ಹೌದಾ?”

“ಹೌದು. ಇನ್ನು ನೀವು ನನಗೆ ಒಂದು ಹೇಳಬೇಕು. ಆ ಪೈಪು ಹಿಡಿದಿದ್ದು ನೀವಾ?”

ಹೊರಗೆ ಹಾರ್ಲನ್‌ನ ಶಿಳ್ಳೆ ಕೇಳುತ್ತಿತ್ತು. ಅರ್ಲೀನ್ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ಹಾರ್ಲನ್ ಹೇಳಿಬಿಟ್ಟನಾ?”

“ಅವನು ಏನು ಹೇಳಬೇಕಿತ್ತು?”

“ಯಾರಿಗೂ ಹೇಳಬೇಡ ಅಂದವನು ಅವನೇ. ಮೊದಲ ಉರಿಗೆ ಮುಂಚೆ ಮನೆ ಹೆಂಗಸು ಬರಿಗೈಯಲ್ಲಿ ಪೈಪು ಹಿಡಿದಳು ಅಂತ ಗೊತ್ತಾದ್ರೆ, ಕ್ಲಬ್ಬಿನೋರು ಮಣ್ಣು ಮಾಡೋ ದಿನವೂ ಗ್ಲೆನ್ ಹೆಸರು ಹಿಡಿದು ನಗ್ತಾರೆ ಅಂದ. ಬದುಕಿದ್ದಾಗ ನಾನು ಬೈದಿದ್ದೇ ಸಾಕು, ಸತ್ತ ಮೇಲೆ ಅವನಿಂದ ಇವನಿಂದ ಯಾಕೆ ನಗಿಸಬೇಕು ಅಂತ ಬಾಯಿ ಮುಚ್ಚಿಕೊಂಡೆ.”

ಡೆಲ್ಫೀನಾ ಕಪ್ಪನ್ನು ನೆಲದ ಮೇಲಿಟ್ಟಳು.

“ಬುಧವಾರ ಹಾರ್ಲನ್ ಬಂದಿದ್ದನಾ?”

“ಬಂದಿದ್ದ. ನಾನು ಊಟದ ತಟ್ಟೆ ತೊಳೀತಿದ್ದೆ. ಹಿಂದಿನ ಬಾಗಿಲು ಬಡಿದ. ಅರ್ಲೀನ್, ಎರಡೇ ನಿಮಿಷ, ಒಂದು ಪೈಪು ಎತ್ತಿ ಹಿಡಿ, ಕೈಗೆ ಯಾರೂ ಸಿಕ್ತಿಲ್ಲ ಅಂದ. ಗ್ಲೆನ್ ಇಲ್ವಾ ಅಂದೆ. ಸೀಟಲ್ಲೇ ನಿದ್ದೆ ಹೋಗಿದಾನೆ, ಎಬ್ಬಿಸಬೇಡ, ಎದ್ದು ನೋಡಿದ್ರೆ ಪೈಪು ಏರ್ಬಿಟ್ಟಿರಬೇಕು, ನಿನ್ನ ಜಗಳಕ್ಕೆ ಇದೇ ಮದ್ದು ಅಂತ ನಕ್ಕ.” ಅವಳ ತುಟಿ ಅಲುಗಿತು. “ನನಗೂ ಹೌದು ಅನ್ನಿಸಿತು. ಬಾಯಿಬಿಟ್ಟು ತಪ್ಪಾಯ್ತು ಅನ್ನೋಕೆ ನನಗೆ ಬರಲ್ಲ. ಇದಾದ್ರೂ ಮಾಡೋಣ ಅಂತ ಹೋದೆ.”

“ಎಲ್ಲಿ ಕೂತಿದ್ರಿ?”

ಅರ್ಲೀನ್ ಉತ್ತರ ಹೇಳುವ ಬದಲು ಹೊಸ್ತಿಲು ದಾಟಿದಳು. ಕಾರಿನ ಎಡಗಡೆಗೆ ಬಂದು, ಕಷ್ಟಪಟ್ಟು ಮಂಡಿಯೂರಿ, ತಲೆ ಬಗ್ಗಿಸಿ, ಬಲಗೈಯನ್ನು ಕೆಳಗಿನಿಂದ ಒಳಕ್ಕೆ ಚಾಚಿದಳು. ಕೈ ಹುಡುಕಾಡಲಿಲ್ಲ. ವಾಲಿದ ಬೆರಳು ವಾಲಿದ ಗುರುತಿನ ಮೇಲೆ ಹೋಗಿ ಕೂತಿತು.

ಅವಳ ತಲೆ ಕಾರಿನ ಬಾಗಿಲಿಗೆ ತಾಗುವಷ್ಟು ಹತ್ತಿರವಿತ್ತು. ಸ್ಟೀರಿಂಗ್ ಎಡಕ್ಕಿರುವ ಕಾರು ಅದು; ಆ ಬಾಗಿಲಿನ ಆಚೆಗೇ ಗ್ಲೆನ್‌ನ ಸೀಟು.

“ಹೀಗೆ. ಅವನ ಕೈ ಬಾಗಿಲಿನ ಮೇಲಿಂದ ಇಳಿಬಿದ್ದಿತ್ತು, ಇಲ್ಲಿ, ನನ್ನ ಕಿವಿ ಪಕ್ಕದಲ್ಲಿ. ಮುಖದ ಮೇಲೆ ಟೋಪಿ ಹಾಕ್ಕೊಂಡಿದ್ದ. ಕಂಬಳಿ ಹೊದೆಸಿತ್ತು. ಆ ಕೈ ಹಿಡಿದು ಒಂದು ಸಲ ಅಲುಗಿಸೋಣ ಅನ್ನಿಸಿತು. ಹಿಡೀಲಿಲ್ಲ. ಎದ್ದರೆ ನಾನೇ ಮೊದಲು ಸೋತ ಹಾಗಾಗುತ್ತಲ್ಲ ಅಂತ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.”

“ಆಮೇಲೆ?”

“ಬೋಲ್ಟು ಹಾಕಿದ ಮೇಲೆ ಹಾರ್ಲನ್ ಹೋಗು ಅಂದ. ಉಳಿದಿದ್ದು ನಾನು ನೋಡ್ಕೋತೀನಿ ಅಂದ. ಹೋಗಿ ಮಾತ್ರೆ ನುಂಗಿ ಮಲಗಿದೆ.”

ಹೊರಗೆ ಶಿಳ್ಳೆ ನಿಂತಿತ್ತು. ಯಾವಾಗ ನಿಂತಿತೆಂದು ಡೆಲ್ಫೀನಾಳಿಗೆ ತಿಳಿಯಲಿಲ್ಲ.

ಅವಳು ಅರ್ಲೀನ್‌ಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಕೇಳಬೇಕಾದ ಪ್ರಶ್ನೆ ನಾಲಿಗೆಯ ಮೇಲೆ ಬಂದು ನಿಂತಿತ್ತು. ಕೇಳದೆ ಇದ್ದರೆ ಈ ಹೆಂಗಸು ಈ ಸಂಜೆ ಒಂದು ತುತ್ತು ಉಣ್ಣುತ್ತಾಳೆ. ಕೇಳಿದರೆ ಇನ್ನೆಂದು ಉಣ್ಣುವಳೋ ಗೊತ್ತಿಲ್ಲ.

“ಅರ್ಲೀನ್, ನೀವು ಪೈಪು ಹಿಡಿದಿದ್ದಾಗ, ಗ್ಲೆನ್ ಗೊರಕೆ ಹೊಡೀತಿದ್ರಾ?”

“ಅವನು ಯಾವಾಗಲೂ…”

ಅಲ್ಲಿಗೆ ನಿಂತಿತು. ಅರ್ಲೀನ್‌ಳ ಕೈ ಇನ್ನೂ ಪೈಪಿನ ಮೇಲೇ ಇತ್ತು. ಅವಳು ತಲೆಯೆತ್ತಿ ತನ್ನ ಕಿವಿಯ ಪಕ್ಕದ ಖಾಲಿ ಜಾಗವನ್ನು ನೋಡಿದಳು. ಬುಧವಾರ ಒಂದು ಕೈ ಇಳಿಬಿದ್ದಿದ್ದ ಜಾಗ.

“ಇಲ್ಲ,” ಎಂದಳು. “ಎಷ್ಟು ಸದ್ದಿಲ್ಲದೆ ಮಲಗಿದಾನಲ್ಲ ಅಂದುಕೊಂಡೆ. ಇಲ್ಲ. ಗೊರಕೆ ಇರಲಿಲ್ಲ.”

ಡೆಲ್ಫೀನಾ ಅವಳನ್ನು ತೋಳಿನಲ್ಲಿ ಬಳಸಿ ಹಿಡಿದಳು. ಹಿಡಿದಂತೆಯೇ ಅವಳ ತಲೆ ತಿರುಗಿ ತಿರುಗಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಪೈಪು ಏರಿಸುವ ಮುಂಚೆಯೇ ಗ್ಲೆನ್ ಅಲುಗದೆ ಬಿದ್ದಿದ್ದ. ಪೈಪಿಲ್ಲದ ಇಂಜಿನ್ ಆ ರಾತ್ರಿ ಓಡಿಲ್ಲ. ಓಡಿದ್ದರೆ ಮೂರು ಬೀದಿ ಏಳಬೇಕಿತ್ತು. ಆದರೆ ಅವನ ರಕ್ತದಲ್ಲಿ ಗ್ಯಾಸ್ ಇದೆ. ಕಾರು ಕೊಡದ ಗ್ಯಾಸನ್ನು ಈ ಮುಚ್ಚಿದ ಕೋಣೆಯಲ್ಲಿ ಅವನಿಗೆ ಕೊಟ್ಟದ್ದು ಯಾವುದು?

ಅವಳ ಕಣ್ಣು ಸೀಟಿನ ಎದುರಿನ ಗೋಡೆಯ ಬುಡಕ್ಕೆ ಹೋಯಿತು. ಸಿಮೆಂಟಿನ ನೆಲದ ಮೇಲೆ ಚಳಿಗಾಲದ ಧೂಳು ದಟ್ಟವಾಗಿ ಕೂತಿತ್ತು. ಅದರ ನಡುವೆ ಒಂದು ಚೌಕ ಜಾಗ ಮಾತ್ರ ಒರೆಸಿದಂತೆ ಸ್ವಚ್ಛ. ಸ್ವಲ್ಪ ಹೊತ್ತಿನ ಮುಂಚಿನವರೆಗೆ ಅಲ್ಲಿ ಹಾರ್ಲನ್ ಕೊಟ್ಟಿದ್ದ ಗ್ಯಾಸ್ ಹೀಟರು ನಿಂತಿತ್ತು. ಮುಚ್ಚಿದ ಕೋಣೆಯಲ್ಲಿ ಕೆಟ್ಟು ಉರಿದರೆ ಅದೂ ಕಾರಿನ ಹೊಗೆಯ ವಿಷವನ್ನೇ ಕಾರುತ್ತದೆ.

ಹೊರಗೆ ಟ್ರಕ್ಕಿನ ಹಿಂಬಾಗಿಲು ಧಡ್ಡೆಂದು ಮುಚ್ಚಿ, ಇಂಜಿನ್ ಹೊತ್ತಿಕೊಂಡಿತು.